ಬೀರಪ್ಪನ ಗುಡಿಗೆ ರೋಮನ್ ಕಟ್ಟೆ

ನಮ್ಮ ಕಾಕಾ ಜಮಖಂಡಿಯಲ್ಲಿದ್ದಾರೆ ಎಂದು ಊರವರೆಲ್ಲ ನಂಬಿದ್ದಾರೆ. ಪಾಪ! ಅವರ ಚಪ್ಪಲಿಗಳಷ್ಟೇ ಜಮಖಂಡಿಯಲ್ಲಿವೆ. ಕಾಕಾ ಇರುವುದು ರೋಮ್ ಸಾಮ್ರಾಜ್ಯದಲ್ಲಿ.

ಡ್ರಾಯಿಂಗ್ ಮಾಸ್ತರಿಕೆಯಿಂದ ನಿವೃತ್ತರಾದ ಮೇಲೆ ಅವರಿಗೆ ಹಳೆಯ ಗುಡಿಗಳ ಹುಚ್ಚು ಹಿಡಿಯಿತು. ಅದೂ ರೋಮ್ ನಗರದವಲ್ಲ, ಆ ಸಾಮ್ರಾಜ್ಯದ ಅಂಚಿನ ದೂರದ ಸೀಮೆಗಳವು. ಮಧ್ಯಾಹ್ನ ಊಟ ಮುಗಿಸಿ, ಆ ಗುಡಿಗಳ ಚಿತ್ರ ನೋಡುತ್ತಿದ್ದ ಮೊಬೈಲನ್ನು ಎದೆಯ ಮೇಲಿಟ್ಟು ಕಣ್ಣು ಮುಚ್ಚುತ್ತಾರೆ. ನಿದ್ದೆಯೇ? ಛೇ! ಬಿಳಿ ಕಂಬಗಳ ನಡುವೆ ಬರಿಗಾಲಲ್ಲಿ ಅಡ್ಡಾಡುತ್ತಿರುತ್ತಾರೆ. ಕಾಕಿ ಬಂದು ಕರೆದರೆ ಸಮುದ್ರ ದಾಟಿ ಬಂದವರ ಹಾಗೆ ಮೆಲ್ಲಗೆ ಕಣ್ಣು ಬಿಡುತ್ತಾರೆ.

"ಬಂದ್ರೇನ? ಚಹಾ ಆರಾಕತ್ತೈತಿ," ಎನ್ನುತ್ತಾಳೆ ಕಾಕಿ.

ಒಮ್ಮೆ ಬನಹಟ್ಟಿಯಲ್ಲಿ ಹೊಸ ಮನೆಯೊಂದನ್ನು ಕಂಡು, ಬೈಕ್ ನಿಲ್ಲಿಸೆಂದು ನನ್ನ ಭುಜ ಬಡಿದರು. ಸಿಮೆಂಟ್ ಕಂಬದ ತುದಿಯಲ್ಲಿ ಎಲೆಗಳ ಗೊಂಚಲು!

"ಗ್ರೀಕರ ಕಂಬದ ಎಲಿ ಲೇ ಅದು! ಎರಡ ಸಾವಿರ ವರ್ಷ ನಡಕೋತ ಬನಹಟ್ಟಿಗೆ ಬಂದೈತಿ!"

ಕಾಕಾನ ಕಣ್ಣಲ್ಲಿ ನೀರು. ಮನೆಯ ಯಜಮಾನರು ಗಾಬರಿಯಾಗಿ ಹೊರಗೆ ಬಂದರು. "ಅಲ್ರೀ ಮಾಸ್ತರ, ಮನಿ ಕಟ್ಟಿದ ಗೌಂಡಿ ನಮಗ ಹೂಕೋಸು ಅಂತ ಹೇಳ್ಯಾನ!"

ಇಂಥವರಿಗೆ ಅನಗವಾಡಿ ಕಡೆಯ ಕುರಿಗಾರ ಹಿರಿಯರು ತಮ್ಮ ಬೀರಪ್ಪ ದೇವರ ಹೊಸ ಗುಡಿಯ ನಕ್ಷೆ ಬರೆಯಲು ಹೇಳಿದರು. ಧೈರ್ಯ ಎಂದರೆ ಅದು!

ಕಾಕಾ ಹಾಳೆ ಹರವಿದರು. "ನೋಡ್ರಿ, ಗ್ರೀಕರ ಗುಡಿಗೆ ಸುತ್ತಲೂ ಮೆಟ್ಟಲ, ಸುತ್ತಲೂ ಕಂಬ. ರೋಮದವರು ಕಂಬ ಅವರಿಂದ ತಗೊಂಡ್ರು. ಖರೆ, ಗುಡಿನ ಎತ್ತರದ ಕಟ್ಟಿ ಮ್ಯಾಲ ಕೂಡಿಸಿ ಮುಂದ ಅಷ್ಟ ಮೆಟ್ಟಲ ಇಟ್ರು. ದೂರದ ಸೀಮಿಯವರು ಇದನ್ನೆಲ್ಲಾ ನೋಡಿ, ಒಳಗ ತಮ್ಮ ಊರ ದೇವರನ್ನ ಕುಂದ್ರಿಸಿದ್ರು. ಕೆಲವು ಕಡೆ ಗರ್ಭಗುಡಿ ಸುತ್ತ ಮಂದಿ ತಿರಗಾಕ ಹಾದಿ ಬಿಟ್ರು."

ಅವರಲ್ಲಿನ ಹಿರಿಯಜ್ಜ ಹೆಗಲ ಕಂಬಳಿ ಸರಿಮಾಡಿಕೊಂಡ. "ಅವರೂ ಪ್ರದಕ್ಷಿಣಿ ಹಾಕತಿದ್ರು? ಹಂಗಾರ ಅವರೂ ನಮ್ಮ ಮಂದೀನ ಬಿಡ್ರಿ! ಎತ್ತರದ ಕಟ್ಟಿನೂ ಛಲೋನ ಆತು. ಹೊಳಿ ಏರಿದ್ರ ದೇವರ ಕಾಲು ತೊಯ್ಯೂದಿಲ್ಲ."

ರೋಮ್ ಪಾಸಾಯಿತು!

ಗುಡಿ ಎದ್ದಿತು. ಬೆಳಗಿನ ಹೊತ್ತು ಹೊಳೆಯ ಮೇಲಿನ ಮಂಜು ಕಬ್ಬಿನ ಹೊಲ ದಾಟಿ ಬಂದು ಕಟ್ಟೆಯನ್ನು ಮುಚ್ಚಿದರೆ, ಬಿಳಿ ಕಂಬಗಳು ಮಾತ್ರ ಗಾಳಿಯಲ್ಲಿ ತೇಲುವಂತೆ ಕಾಣುತ್ತಿದ್ದವು. ಕಾಕಾ ಎದುರಿಗೆ ನಿಂತರೆ ಉಸಿರಾಡಲೂ ಮರೆಯುತ್ತಿದ್ದರು.

ಮೊದಲ ಪೂಜೆಯ ದಿನ ಕಾಕಿಯೂ ಬಂದಳು. ಮುಂದೆ ಹನ್ನೊಂದು ಕಡಿದಾದ ಮೆಟ್ಟಿಲು. ಮೂರನೆಯದರಲ್ಲಿ ಮೊಣಕಾಲು ಹಿಡಿದು ನಿಂತಳು.

"ನೀವು ಹೋಗ್ರಿ. ನಾ ಇಲ್ಲಿಂದನ ಕೈ ಮುಗೀತೇನಿ."

"ಯಾವಾಗಿಂದ ಈ ನೋವು?" ಕಾಕಾ ಕೇಳಿದರು.

"ಎರಡ ವರ್ಷ ಆತು."

ಎರಡು ವರ್ಷ! ಆ ವಾರವೆಲ್ಲ ಕಾಕಾ ಮಧ್ಯಾಹ್ನ ಕಣ್ಣು ಮುಚ್ಚಲಿಲ್ಲ. ಆಮೇಲೆ ಗೌಂಡಿಯನ್ನು ಕರೆದುಕೊಂಡು ಹೋಗಿ ಕಟ್ಟೆಯ ಪಕ್ಕದಲ್ಲಿ ಸುಣ್ಣದ ಗೆರೆ ಎಳೆದರು: ಒಂದು ಉದ್ದನೆಯ, ಮೆಲ್ಲಗೆ ಏರುವ ಇಳಿಜಾರು ದಾರಿ.

ಹಿರಿಯಜ್ಜನಿಗೇ ಸಂಕಟವಾಯಿತು. "ಮಾಸ್ತರ, ರೋಮದ ನಕ್ಷಿ ಕೆಡತೈತಲ್ರಿ!"

"ಕೆಡ್ಲಿ," ಎಂದರು ಕಾಕಾ.

ದಾರಿ ಮುಗಿದ ದಿನ ಕಾಕಿಯ ಕೈ ಹಿಡಿದು ಹತ್ತಿಸಿದರು. ನಾಲ್ಕು ಜನರೆದುರು ಅವರು ಹಾಗೆ ಕೈ ಹಿಡಿದದ್ದನ್ನು ನಾನು ಎಂದೂ ನೋಡಿರಲಿಲ್ಲ. "ಸಾವಕಾಶ... ಸಾವಕಾಶ..." ಎನ್ನುತ್ತಾ ಮೇಲೆ ಬಂದರು. ಬಂದ ಮೇಲೂ ಬಿಡಲಿಲ್ಲ. ಗಂಟೆ ಬಾರಿಸಲು ಕಾಕಿಗೆ ಒಂದೇ ಕೈ ಉಳಿದಿತ್ತು.