ಸಾರಿ ಅಂದ ಸಾಹೇಬ್ರು

ಚನ್ನಪಟ್ಟಣದ ಬಸ್ ಸ್ಟ್ಯಾಂಡ್ ಪಕ್ಕ ಸೈಬರ್ ಸೆಂಟರ್ ಇಟ್ಟಿದ್ದ ಕಾಲದಲ್ಲಿ ದಿನಾ ಯಾರದೋ ಒಬ್ಬರ ಮೇಲ್ ವಾಪಸ್ ಬರೋದು, ಅವರು ನನ್ನ ಮೇಲೆ ಹರಿಹಾಯೋದು. ಅವರಲ್ಲೆಲ್ಲ ನನ್ನ ಪ್ರಾಣ ಹಿಂಡಿದವರು ದೊಡ್ಡಮಳೂರಿನ ಗೊಂಬೆ ಯಜಮಾನರು. ಬೊಂಬಾಯಿಯ ರಫ್ತು ವ್ಯಾಪಾರಿಯೊಬ್ಬರು, ಶುಕ್ರವಾರದೊಳಗೆ ಫೋಟೋ ನೋಡಿ ಒಪ್ಪಿಗೆಯಾದರೆ ಆರ್ಡರ್ ನಿಮಗೇ ಅಂದಿದ್ದರಂತೆ. ಯಜಮಾನರ ಗೊಂಬೆ ಕಡೆಯೋ ಮೆಷಿನ್ನುಗಳು ಕೆಲಸವಿಲ್ಲದೆ ನಿಂತು ತಿಂಗಳಾಗಿತ್ತು.

"ಈ ಆರ್ಡರ್ ಮಾತ್ರ ಬುಡಂಗಿಲ್ಲ ಕಣವ್ವ" ಅಂತ ಸೋಮವಾರ ಬೆಳಗ್ಗೆ ಬಂದು ಕೂತರು.

೧. ತಕ್ಷಣದ ಉತ್ತರ

ಇದ್ದಬದ್ದ ಫೋಟೋನೆಲ್ಲ ಒಂದೇ ಮೇಲ್‌ಗೆ ತುಂಬಿಸಿದರು. ನಿಮಿಷದಲ್ಲಿ ಉತ್ತರ ಬಂತು. ಕಳಿಸಿದವರ ಹೆಸರು 'ಮೇಲರ್ ಡೀಮನ್'.

"ಯಾರವ್ವ ಈ ಸಾಹೇಬ್ರು?"

"ಸಾಹೇಬ್ರೂ ಇಲ್ಲ, ಗೀಹೇಬ್ರೂ ಇಲ್ಲ. ಮೇಲ್ ಮುಟ್ಟದಿದ್ರೆ ಮೆಷಿನ್ನೇ ಹಿಂಗೆ ಬರೆಯುತ್ತೆ. ಭಾರ ಜಾಸ್ತಿಯಾಯ್ತಂತೆ."

"ಮೆಷಿನ್ನಿಗೆ ಇಷ್ಟು ಮರ್ಯಾದೆ ಎಲ್ಲಿಂದ ಬಂತು? ಮೊದಲ ಸಾಲಲ್ಲೇ ಸಾರಿ ಅಂದವ್ರೆ ನೋಡು. ನಮ್ಮ ಬೀಗರು ಇಷ್ಟು ವರ್ಷದಲ್ಲಿ ಒಂದ್ಸಲ ಅಂದಿಲ್ಲ!"

೨. ದಿಬ್ಬಣ

ಮಂಗಳವಾರ ನಾನು, ಫೋಟೋ ಒಂದೊಂದೇ ಕಳಿಸೋಣ ಅಂದೆ. ಯಜಮಾನರು ಕೆಂಡವಾದರು.

"ಮದುವೆ ಗೊಂಬೆ ಸೆಟ್ ಕಣವ್ವ ಅದು! ಗಂಡು ಇವತ್ತು, ಹೆಣ್ಣು ನಾಳೆ ಹೋಯ್ತಾರಾ?"

ಹಾಳಾಗಿ ಹೋಗಲಿ ಅಂತ ಫೋಟೋಗಳನ್ನೆಲ್ಲ ಕುಗ್ಗಿಸಿ ಗಂಡು ಹೆಣ್ಣನ್ನ ಒಂದೇ ಮೇಲಲ್ಲಿ ಕೂರಿಸಿದೆ, ವಾಲಗದವರನ್ನ ಇನ್ನೊಂದರಲ್ಲಿ. ವಾಲಗದವರು ಮುಟ್ಟಿದರು, ಗಂಡು ಹೆಣ್ಣು ವಾಪಸ್ ಬಂದರು. ಈ ಸಲ ಬೊಂಬಾಯಿಯವರ ಮೇಲ್ ಪೆಟ್ಟಿಗೆಯೇ ತುಂಬಿತ್ತು.

"ಹಂಗಾರೆ ಖಾಲಿ ಆಗಗಂಟ ಕಳಿಸ್ತಾನೇ ಇರು" ಅಂದರು. ಬುಧವಾರ ಸಂಜೆ ಒಂಬತ್ತನೇ ಸಲಕ್ಕೆ ಮುಟ್ಟಿತು. ಅಷ್ಟು ಹೊತ್ತು ವಾಲಗದವರು ಬೊಂಬಾಯಲ್ಲಿ ಸುಮ್ಮನೆ ಊದ್ತಾ ಕೂತಿದ್ದರು.

೩. ಹರಿಯಬಾರದ ಕಾಗದ

ಶುಕ್ರವಾರ ಬೊಂಬಾಯಿಂದ ಫೋನ್ ಬಂತು. ಆರ್ಡರ್ ಫಾರಂ ಮೂರು ಸಲ ಕಳಿಸಿದರೂ ವಾಪಸ್ ಬರ್ತಿದೆ, ಸಂಜೆಯೊಳಗೆ ಮುಟ್ಟದಿದ್ರೆ ಬೇರೆಯವರಿಗೆ ಕೊಡ್ತೀನಿ ಅಂದರು. ನೋಡಿದರೆ ಈಗ ತುಂಬಿರೋದು ನಮ್ಮ ಯಜಮಾನರ ಪೆಟ್ಟಿಗೆ! ಡೀಮನ್ನನ ಪತ್ರಗಳೆಲ್ಲ ಫೋಟೋ ಸಮೇತ ಅಲ್ಲೇ ಬಿದ್ದಿದ್ದವು.

"ಇವನ್ನೆಲ್ಲ ಅಳಿಸ್ತೀನಿ."

"ಬ್ಯಾಡ! ಬಂದ ಕಾಗದ ಹರಿಯೋದು ಸಾವಿನ ಸುದ್ದಿ ಬಂದ್ರೆ ಮಾತ್ರ."

ಗಂಟೆ ನಾಲ್ಕಾಗಿತ್ತು. ನನಗೂ ರೇಗಿತು. "ಯಜಮಾನ್ರೇ, ಹೋದದ್ದು ಮುಟ್ಟಲಿಲ್ಲ, ಮುಟ್ಟಲಿಲ್ಲ ಅಂತ ಇಷ್ಟು ಸಲ ಬರೆದಿದ್ದಾನಲ್ಲ, ಇದಕ್ಕಿಂತ ಅಶುಭ ಬೇಕಾ ನಿಮಗೆ?"

ಅವರು "ಹಂಗಾರೆ ಹರಿ" ಅಂದರು. ಹರಿದೆ. ತಲೆಯೆತ್ತಿ ನೋಡಿದರೆ ಮನುಷ್ಯ ಬಾಗಿಲಲ್ಲಿದ್ದಾರೆ.

"ಎಲ್ಲಿಗೆ?"

"ಸ್ನಾನ ಮಾಡ್ಬುಟ್ಟು ಬತ್ತೀನಿ."

೪. ಮನೆಯಲ್ಲಿಲ್ಲ

ತಲೆ ಒದ್ದೆ ಮಾಡಿಕೊಂಡು ಬರುವಷ್ಟರಲ್ಲಿ ಆರ್ಡರ್ ಬಂದು ಕೂತಿತ್ತು. ಯಜಮಾನರ ಕಣ್ಣಲ್ಲಿ ನೀರು. ನನಗೂ ಅಳು ಬಂತು, ಸುಳ್ಳು ಯಾಕೆ ಹೇಳಲಿ.

"ಆ ಸಾಹೇಬ್ರಿಗೂ ಒಂದು ವಂದನೆ ಬರಿಯವ್ವ. ಪಾಪ, ಐದು ದಿನ ನಮ್ಮ ಜೊತೆ ಒದ್ದಾಡವ್ರೆ."

ಬೇಡ ಅಂದರೂ ಕೇಳಲಿಲ್ಲ. ಬರೆದೆ. ನಿಮಿಷದಲ್ಲಿ ಉತ್ತರ ಬಂತು.

"ಏನಂತವ್ರೆ?"

"ಈ ವಿಳಾಸದಲ್ಲಿ ಅಂಥವರು ಯಾರೂ ಇಲ್ಲವಂತೆ."

"ಹಂಗಂತ ಬರ್ದೋರ್ಯಾರು?"

"ಅವರೇ."

ಯಜಮಾನರು ಸ್ಕ್ರೀನನ್ನೇ ದುರುಗುಟ್ಟಿ ನೋಡಿದರು. "ಒಳಗೇ ಕೂತ್ಕಂಡು ಮನೇಲಿಲ್ಲ ಅಂತವ್ರಲ್ಲವ್ವ! ಸಾರಿ ಅಂದಾಗ ಒಳ್ಳೇರು ಅನ್ಕಂಡಿದ್ದೆ. ಇವ್ರೂ ನಮ್ಮ ಬೀಗರಂಗೇಯ!"