ಮೊದಲ ತುತ್ತಿನ ಹೊತ್ತು

ಆ ಕ್ಷೌರಿಕನ ಕೈಗುಣ ಊರಿಗೆಲ್ಲ ಗೊತ್ತಿತ್ತು. ಅವನು ಗಲ್ಲ ಹಿಡಿದು ಮುಖವನ್ನು ಸ್ವಲ್ಪ ಮೇಲೆತ್ತಿದರೆ ಸಾಕು, ಎಂಥ ಗಿರಾಕಿಯೂ ನಿದ್ರಾದೇವಿಗೆ ಶರಣಾಗುತ್ತಿದ್ದ. ರಾತ್ರಿ ಕಣ್ಣು ಮುಚ್ಚದ ವಕೀಲರೊಬ್ಬರು ಗಡ್ಡದ ನೆಪದಲ್ಲಿ ಬಂದು ಗೊರಕೆ ಹೊಡೆದು ಹೋಗುತ್ತಿದ್ದರು. (ಗಡ್ಡ ಬೆಳೆದಿರುತ್ತಿತ್ತೋ ಇಲ್ಲವೋ, ಅದು ಬೇರೆ ಮಾತು.)

ಇಂಥ ಮಹಾಪುರುಷನಿಗೂ ಮನೆಯಲ್ಲಿ ಒಂದು ಕೊರಗು. ಅವನು ಅಂಗಡಿಗೆ ಹೊರಟಾಗ ಪುಟ್ಟ ಮಗಳು ಮಲಗಿರುತ್ತಿದ್ದಳು, ಬಂದಾಗಲೂ ಮಲಗಿರುತ್ತಿದ್ದಳು. ರಜೆಯ ದಿನ ಎತ್ತಿಕೊಂಡರೆ ಎತ್ತಿಕೊಂಡಲ್ಲೇ ನಿದ್ದೆ. ಮಗಳು ಕಣ್ಣುಬಿಟ್ಟು ತನ್ನನ್ನು ನೋಡಿ ನಗಲಿ ಎಂದು ಅವನ ಜೀವ ಹಂಬಲಿಸುತ್ತಿತ್ತು. ಇನ್ನು ಮಗುವಿಗೆ ಗಟ್ಟಿ ಆಹಾರ ಶುರುಮಾಡಬಹುದು ಎಂದು ಡಾಕ್ಟರು ಹೇಳಿದ್ದೇ ತಡ, ಮೊದಲ ತುತ್ತು ತನ್ನ ಕೈಯಿಂದಲೇ ಆಗಬೇಕೆಂದು ಹಟ ಹಿಡಿದ. ತಿನ್ನುವಾಗ ಯಾರಾದರೂ ನಿದ್ದೆ ಮಾಡುತ್ತಾರೆಯೇ?

ರಜೆಯ ಮಧ್ಯಾಹ್ನ. ಬೇಯಿಸಿ ಕಿವುಚಿದ ಸಿಹಿಕುಂಬಳ ಬಟ್ಟಲಲ್ಲಿ ಹೊಂಬಣ್ಣಕ್ಕೆ ಹೊಳೆಯುತ್ತಿತ್ತು. ಕಿಟಕಿಯ ಪರದೆ ಗಾಳಿಗೆ ಉಬ್ಬುತ್ತಿತ್ತು, ಇಳಿಯುತ್ತಿತ್ತು. ಅವನು ಮಗಳನ್ನು ಕುರ್ಚಿಯಲ್ಲಿ ಕೂರಿಸಿ, ಕೊರಳಿಗೆ ಬಟ್ಟೆ ಕಟ್ಟಿ, ಅಭ್ಯಾಸಬಲದಿಂದ ಗಲ್ಲ ಹಿಡಿದು ಚಮಚ ಎತ್ತಿದ. ಚಮಚ ತುಟಿ ಮುಟ್ಟುವ ಮೊದಲೇ ಮಗಳ ತಲೆ ವಾಲಿತು.

"ಏನ್ರೀ ಮಾಡಿದ್ರಿ ಮಗೂಗೆ?" ಎಂದಳು ಹೆಂಡತಿ.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಇವನು ತನ್ನ ಕೈ ನೋಡಿಕೊಂಡ.

"ಬಾಯಿ ತೆರೆಸೋಣ ಅಂತ ಗಲ್ಲ ಹಿಡಿದೆ ಕಣೇ, ಅಷ್ಟೇ."

"ಅವಳೇನು ನಿಮ್ಮ ಗಿರಾಕೀನಾ? ಎದ್ದ ಮೇಲೆ ನಾನೇ ತಿನ್ನಿಸ್ತೀನಿ, ಬಿಡಿ."

"ಇನ್ನೊಂದೇ ಸಲ. ಕೈ ಸೋಕಿಸಲ್ಲ. ಮೊದಲ ತುತ್ತಿಗೆ ಅವಳ ಮುಖ ಹೇಗಾಗುತ್ತೆ ಅಂತ ನೋಡ್ಬೇಕು ನಂಗೆ."

ಆ ದನಿ ಕೇಳಿ ಹೆಂಡತಿಯ ಮನಸ್ಸು ಕರಗಿತು. ಮಗಳು ಎದ್ದಾಗ ಅವನು ಎಡಗೈಯನ್ನು ಜೇಬಿನಲ್ಲಿ ಬಂಧಿಸಿಟ್ಟು, ಕುರ್ಚಿಯ ಮುಂದೆ ಮಂಡಿಯೂರಿ ಕೂತ. ಮಗಳು ಅವನನ್ನು ನೋಡಿದಳು. ಆ ಕಣ್ಣುಗಳು ಅಷ್ಟು ದೊಡ್ಡವೆಂದು ಅವನಿಗೆ ಗೊತ್ತೇ ಇರಲಿಲ್ಲ. ಅವಳು ಎರಡೂ ಕೈಗಳನ್ನು ಬಟ್ಟಲಲ್ಲಿ ಅದ್ದಿ, ಅಪ್ಪನ ಗಲ್ಲ ಹಿಡಿದು ಮೆಲ್ಲಗೆ ಸವರತೊಡಗಿದಳು.

ಊರವರ ಗಲ್ಲವನ್ನೆಲ್ಲ ಹಿಡಿದವನ ಗಲ್ಲವನ್ನು ಅದುವರೆಗೆ ಯಾರೂ ಹಿಡಿದಿರಲಿಲ್ಲ. ಬೆಚ್ಚಗಿನ ಕುಂಬಳ, ಮೆತ್ತಗಿನ ಬೆರಳು. ಪರದೆ ಉಬ್ಬಿತು, ಇಳಿಯಿತು. ಅವನು ಹಳದಿ ಮೋಡವೊಂದರ ಮೇಲೆ ತೇಲುತ್ತ ಹೋದ. ಅಲ್ಲಿ ವಕೀಲರು ಕೊರಳಿಗೆ ಬಟ್ಟೆ ಕಟ್ಟಿಕೊಂಡು, ಬಾಯಿ ತೆರೆದು, ತುತ್ತಿಗಾಗಿ ಕಾದು ಕೂತಿದ್ದರು.

"ರೀ, ಏಳಿ."

ಕಣ್ಣು ಬಿಟ್ಟರೆ ತಲೆ ಕುರ್ಚಿಯ ಅಂಚಿಗೆ ಒರಗಿತ್ತು, ಬಟ್ಟಲು ಖಾಲಿಯಾಗಿತ್ತು, ಮಗಳು ತುಟಿ ಚಪ್ಪರಿಸುತ್ತಿದ್ದಳು.

"ಮೊದಲ ತುತ್ತು?"

"ಮೊದಲನೇದೂ ಆಯ್ತು, ಕೊನೇದೂ ಆಯ್ತು."

ಅವನಿಗೆ ಅಳುವೇ ಬಂತು. "ಎಬ್ಬಿಸಬಾರದಿತ್ತಾ ನನ್ನ?"

"ಹೇಗೆ ಎಬ್ಬಿಸ್ಲಿ? ನೀವು ಗೊರಕೆ ಹೊಡೆದಾಗಲೆಲ್ಲ ನಿಮ್ಮ ಮುಖಾನೇ ನೋಡ್ತಾ ನಗ್ತಿದ್ದಳು. ನಗೋಕೆ ಬಾಯಿ ತೆರೆದಾಗೆಲ್ಲ ನಾನು ಒಂದೊಂದು ಚಮಚ ಹಾಕಿದೆ."

"ನನ್ನ ನೋಡಿ ನಕ್ಕಳಾ?"

"ಹೊಟ್ಟೆ ತುಂಬ ನಕ್ಕಳು. ನಾಳೆ ಮಧ್ಯಾಹ್ನ ಅಂಗಡಿ ಮುಚ್ಚಿ ಬಂದ್ಬಿಡಿ. ಎಚ್ಚರವಾಗಿರೋದೇನೂ ಬೇಡ, ಗೊರಕೆ ಹೊಡೆದ್ರೆ ಸಾಕು."