ಅಕ್ಕಯ್ಯಮ್ಮನವರ ಗಾದೆಗಳಿಗೆ ಅರ್ಥ ನಿಗದಿಪಡಿಸಿದ್ದು

ಸಂಖ್ಯೆ: ನೀ.ಬ./ಗಾದೆ/17/1956-57
ಬೆಂಗಳೂರು, 26ನೇ ಫೆಬ್ರವರಿ 1957

ಸುತ್ತೋಲೆ

ವಿಷಯ: ಸಾರ್ವಜನಿಕರು ಕಚೇರಿಯಲ್ಲಿ ಆಡುವ ಗಾದೆ ಹಾಗೂ ಬೀದಿಮಾತುಗಳಿಗೆ ಕಚೇರಿಯೇ ಅರ್ಥ ನಿಗದಿಪಡಿಸುವ ಬಗ್ಗೆ.

ಉಲ್ಲೇಖ:
1. ಹೊಸಹಳ್ಳಿಯ ಅಕ್ಕಯ್ಯಮ್ಮನವರ ಅರ್ಜಿ (ಮೊದಲನೆಯದು).
2. ಸದರಿಯವರ ಅರ್ಜಿ (ಹದಿನಾಲ್ಕನೆಯದು).
3. ಸದರಿಯವರ ಬಾಯಿ.

ಹೊಸ ಬಡಾವಣೆಗಾಗಿ ಅಕ್ಕಯ್ಯಮ್ಮನವರ ಹೊಲವನ್ನೂ ಅದರಲ್ಲಿದ್ದ ಸಿಹಿನೀರಿನ ಬಾವಿಯನ್ನೂ ವಶಪಡಿಸಿಕೊಂಡು, ಬಾವಿಯನ್ನು ಮುಚ್ಚಿ, ಬದಲಿಗೆ ಅವರ ಓಣಿಯ ಹನ್ನೊಂದು ಮನೆಗಳಿಗೆ ಒಂದು ಬೀದಿ ನಲ್ಲಿಯನ್ನು ಹಾಕಿಕೊಡಲು ಒಪ್ಪಲಾಗಿತ್ತು. ಮೇಲಿನಿಂದ ಮಂಜೂರಾತಿಯೂ ಬಂದಿತ್ತು. ಅದಾಗಿ ಮೂರು ವರ್ಷ ಕಳೆದಿದ್ದು, ಕಡತವು ಸೂಪರಿಂಟೆಂಡೆಂಟ್ ಗುರುಬಸಪ್ಪನವರ ಮೇಜಿನ ಮೇಲೆ ಕ್ಷೇಮವಾಗಿದೆ.

ಈ ಅವಧಿಯಲ್ಲಿ ಸದರಿ ಅಕ್ಕಯ್ಯಮ್ಮನವರು ಸೋಮವಾರಕ್ಕೊಮ್ಮೆ ಬಂದು ಒಂದೊಂದು ಗಾದೆ ಒಗೆದು ಹೋಗಿರುತ್ತಾರೆ. ಹೆಬ್ಬೆಟ್ಟು ಒತ್ತುವ ಮುದುಕಿಯೊಬ್ಬರು ಬಿ.ಎ. ಪಾಸಾದ ಅಧಿಕಾರಿಯ ಎದುರು ನಿಂತು ಹೀಗೆ ಮಾತನಾಡುವುದರಿಂದ ಗುರುಬಸಪ್ಪನವರಿಗೆ ಮಧ್ಯಾಹ್ನದ ಊಟ ರುಚಿಸದಂತಾಗಿದೆ. ಕಚೇರಿಯಲ್ಲಿ ಆಡಿದ ಪ್ರತಿ ಮಾತನ್ನೂ ವಿಚಾರಣೆ ಮಾಡಿ ಮುಗಿಸದೆ ಕಡತ ಮುಂದಕ್ಕೆ ಹೋಗಕೂಡದೆಂಬುದು ಇಲ್ಲಿಯ ಪದ್ಧತಿ. ಅದರಂತೆ ವಿಚಾರಣೆ ನಡೆಸಿ, ಈ ಮೂಲಕ ಸಿಬ್ಬಂದಿಗೂ ಸಾರ್ವಜನಿಕರಿಗೂ ತಿಳಿಯಪಡಿಸುವುದೇನೆಂದರೆ:

1. 'ದೇವರು ವರ ಕೊಟ್ಟರೂ ಪೂಜಾರಿ ಕೊಡ': ಈ ಆಪಾದನೆಯ ಮೇಲೆ ಮಾರಮ್ಮನ ಗುಡಿಯ ಪೂಜಾರಿ ಮರಿಯಪ್ಪನವರನ್ನು ಕರೆಸಿ ವಿಚಾರಿಸಲಾಯಿತು. ಅವರ ಹೇಳಿಕೆ: "ಸ್ವಾಮೀ, ನಾನು ತೀರ್ಥ ಕೊಡೋನು, ನಲ್ಲಿ ನಂದಲ್ಲ. ಅವ್ವ ಅಂದಿದ್ದು ನಿಮ್ಗೆ ಕಣ್ರೀ." ಕೊನೆಯ ವಾಕ್ಯವನ್ನು ಹೊಡೆದುಹಾಕಿ ಹೆಬ್ಬೆಟ್ಟು ಪಡೆಯಲಾಗಿದೆ. ಇನ್ನು ಮುಂದೆ ಈ ಗಾದೆ ಹೇಳುವವರು ದೇವರ ಹೆಸರು, ಪೂರ್ಣ ವಿಳಾಸ ಹಾಗೂ ವರ ಕೊಟ್ಟ ದಿನಾಂಕವನ್ನು ಮೂರು ಪ್ರತಿಗಳಲ್ಲಿ ಸಲ್ಲಿಸತಕ್ಕದ್ದು.

2. 'ಕುಣಿಯಲಾರದವಳು ನೆಲ ಡೊಂಕು ಅಂದಳಂತೆ': ಓಣಿಯ ನೆಲ ಏರುತಗ್ಗಾಗಿದೆ, ಪೈಪು ಬಾರದು ಎಂದು ಗುರುಬಸಪ್ಪನವರು ತಿಳಿಸಿದಾಗ ಇದನ್ನು ಹೇಳಲಾಯಿತು. ಕೂಡಲೇ ಓವರ್‌ಸಿಯರ್ ವೆಂಕಟೇಶ್ ಅವರಿಂದ ಏರುತಗ್ಗು ನೋಡುವ ರಸಮಟ್ಟ ಇಡಿಸಿ ಕಚೇರಿಯ ನೆಲವನ್ನು ಮೂರು ದಿನ ಅಳೆಯಿಸಲಾಗಿದ್ದು, ಡೊಂಕು ಕಂಡುಬಂದಿಲ್ಲ. ರಸಮಟ್ಟ ಇಲ್ಲಿ ಕೆಲಸದಲ್ಲಿದ್ದ ಕಾರಣ ಓಣಿಯನ್ನು ಅಳೆಯಲಾಗಲಿಲ್ಲ. ಕುಣಿಯಬೇಕಾದವರು ಯಾರೆಂದು ಊಹಿಸಿ ಗುಮಾಸ್ತರು ನಗತಕ್ಕದ್ದಲ್ಲ.

3. "ಎಷ್ಟ್ ದಿವ್ಸ ಮೂಗಿಗೆ ತುಪ್ಪ ಸವರ್ತೀರಪ್ಪಾ?": ಉಗ್ರಾಣ ತಪಾಸಣೆ ಮಾಡಿಸಲಾಗಿ, ಇಲಾಖೆಯಲ್ಲಿ ತುಪ್ಪದ ದಾಸ್ತಾನು ಎಂದೂ ಇರಲಿಲ್ಲ. ಅರ್ಜಿದಾರರ ಮೂಗನ್ನು ಎರಡು ಗಜ ದೂರದಿಂದ ಪರೀಕ್ಷಿಸಲಾಯಿತು. ಜಿಡ್ಡು ಇರಲಿಲ್ಲ, ಬೆವರು ಇತ್ತು. ಬಿಸಿಲಲ್ಲಿ ನಡೆದು ಬಂದವರ ಬೆವರಿಗೆ ಇಲಾಖೆ ಹೊಣೆಯಲ್ಲ.

4. ಕಚೇರಿಯ ಕಡೆಯಿಂದ ಆಡಲಾಗುವ 'ನೋಡೋಣ', 'ಇನ್ನೇನು ಆದ ಹಾಗೇ', 'ಆಯ್ತು, ಹೋಗಿ ಬನ್ನಿ' ಎಂಬ ಮಾತುಗಳಿಗೆ ಯಾವ ಅರ್ಥವೂ ಇರುವುದಿಲ್ಲ. ಮೂರು ವರ್ಷ ಕೇಳಿಯೂ ಇದು ತಿಳಿಯದವರನ್ನು ದಡ್ಡರೆಂದು ಪರಿಗಣಿಸಲಾಗುವುದು.

5. ಮೂರು ತಿಂಗಳ ಹಿಂದೆ ಗುರುಬಸಪ್ಪನವರು ಪತ್ನಿ ಪಂಕಜಾ ಅವರೊಡನೆ ಬಡಾವಣೆಯ ಸರ್ಕಾರಿ ಮನೆಗೆ ಬಂದಿರುತ್ತಾರೆ. ಸದರಿ ಮನೆಯ ಅಡುಗೆಕೋಣೆಯು ಮುಚ್ಚಿದ ಬಾವಿಯ ಮೇಲೆಯೇ ಇರುತ್ತದೆ. ಆ ಸೋಮವಾರ ಅಕ್ಕಯ್ಯಮ್ಮನವರು, "ಆಗ್ಲಿ ಬಿಡಪ್ಪಾ, ಊರಿಗ್ ಬಂದೋಳು ನೀರಿಗ್ ಬರ್ದೆ ಇರ್ತಾಳಾ?" ಎಂದು ಹೇಳಿ ಹೋದರು. ಅದನ್ನು ಅರ್ಥರಹಿತವೆಂದು ಬರೆದು ಮುಗಿಸಲಾಗಿತ್ತು.

ಬಡಾವಣೆಗೆ ಬರುತ್ತಿದ್ದ ನೀರಿನ ಲಾರಿ ಹತ್ತು ದಿನದಿಂದ ನಿಂತಿದೆ. ಕಳೆದ ಶುಕ್ರವಾರ ಬೆಳಗ್ಗೆ ಪಂಕಜಾ ಅವರು ಹಿತ್ತಾಳೆ ಬಿಂದಿಗೆ ಹಿಡಿದು ಮಾರಮ್ಮನ ಗುಡಿಯ ಹಿಂದಿನ ಬಾವಿಗೆ ಹೋಗಿ, ಓಣಿಯ ಹೆಂಗಸರ ಸಾಲಿನ ಕೊನೆಯಲ್ಲಿ ನಿಂತರು. ಅಕ್ಕಯ್ಯಮ್ಮನವರು ಅವರ ಕೈಯಿಂದ ಬಿಂದಿಗೆ ತೆಗೆದುಕೊಂಡು ತಾವೇ ಸೇದಿ, ತುಂಬಿಸಿ ಕೊಟ್ಟು, "ನೀವ್ ಮೊದ್ಲು ತಗೊಳ್ಳಿ ತಾಯಿ, ನೀರಿಗೆ ಬಂದೋರ್ನ ಕಾಯಿಸ್ಬಾರ್ದು" ಎಂದರು. ಗಾದೆ ಹೇಳಲಿಲ್ಲ. ಯಾರೂ ನಗಲಿಲ್ಲ. ಗುರುಬಸಪ್ಪನವರಿಗೆ ಎಲ್ಲಕ್ಕಿಂತ ಹೆಚ್ಚು ಉರಿದದ್ದು ಇದೇ.

ಪಂಕಜಾ ಅವರು ಮನೆಗೆ ಬಂದು ಬಿಂದಿಗೆಯನ್ನು ನಡುಮನೆಯಲ್ಲಿ ಕುಕ್ಕಿ, "ಮೂರು ವರ್ಷ ಆ ಅಜ್ಜಿನ ಬಾಗ್ಲಲ್ಲಿ ನಿಲ್ಲಿಸಿದೀರಂತೆ. ಅವರ ಓಣಿಗೆ ನಲ್ಲಿ ಬರೋವರ್ಗೂ ನಾನೂ ಆ ಸಾಲಲ್ಲೇ ನಿಲ್ತೀನಿ" ಎಂದಿರುತ್ತಾರೆ. ಇದು ಗಾದೆಯಲ್ಲವಾದ್ದರಿಂದ ಇದಕ್ಕೆ ಬೇರೆ ಅರ್ಥ ನಿಗದಿಪಡಿಸಲು ಕಚೇರಿಗೆ ಅಧಿಕಾರವಿರುವುದಿಲ್ಲ.

6. ಆದಕಾರಣ, ಕಲಂ 5ರ ಗಾದೆಯನ್ನು ಇಂದಿನಿಂದ ನಿಷೇಧಿಸಲಾಗಿದೆ. ಓಣಿಯನ್ನು ನಾಳೆ ಬೆಳಗ್ಗೆ ಅಳೆದು, ಶನಿವಾರದೊಳಗೆ ನಲ್ಲಿ ಹಾಕತಕ್ಕದ್ದು. ಇದನ್ನು ಮಾತಿಗೆ ಹೆದರಿ ಕೈಗೊಂಡ ಕ್ರಮವೆಂದು ಯಾರೂ ಭಾವಿಸತಕ್ಕದ್ದಲ್ಲ.

ಸಹಿ/-
ಗುರುಬಸಪ್ಪ, ಬಿ.ಎ.
ಸೂಪರಿಂಟೆಂಡೆಂಟ್
(ನಾಲ್ಕು ದಿನದಿಂದ ಸ್ನಾನವಾಗಿರುವುದಿಲ್ಲ)

ಪ್ರತಿಗಳು:
1. ಓವರ್‌ಸಿಯರ್ ವೆಂಕಟೇಶ್ ಅವರಿಗೆ, ರಸಮಟ್ಟವನ್ನು ಕಚೇರಿಯಿಂದ ಹೊರಗೆ ಒಯ್ಯುವ ಅನುಮತಿಯೊಂದಿಗೆ.
2. ಪೂಜಾರಿ ಮರಿಯಪ್ಪನವರಿಗೆ, ಹೊಡೆದುಹಾಕಿದ ವಾಕ್ಯವನ್ನು ಮರೆಯುವ ಸಲುವಾಗಿ.
3. ಅಕ್ಕಯ್ಯಮ್ಮನವರಿಗೆ. ಓದಿ ಹೇಳತಕ್ಕದ್ದು. ಅವರು ಕೊಡುವ ಉತ್ತರವನ್ನು ಬರೆದುಕೊಳ್ಳತಕ್ಕದ್ದಲ್ಲ.
4. ಶ್ರೀಮತಿ ಪಂಕಜಾ ಅವರಿಗೆ. ಮನೆಯಲ್ಲಿ ಸಿಗುವುದಿಲ್ಲ. ಬಾವಿಯ ಸಾಲಿನಲ್ಲಿ ಅಕ್ಕಯ್ಯಮ್ಮನವರ ಹಿಂದೆ ನಿಂತಿರುತ್ತಾರೆ, ಅಲ್ಲಿಯೇ ತಲುಪಿಸುವುದು.